ಗಾಲರ್ ಹೋಟೆಲಿನ ಮೊಟ್ಟೆ-ನಿಂಬೆ ಸಾರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಸ್ಟಾಥಿಸ್ ಮುದುಕ ಆ ಭಾನುವಾರ ಆಡಿದ್ದು ಒಂದೇ ಒಂದು ಮಾತು. ಮನೆಯೊಳಗೆ ಆಡಿದ್ದರೆ ಅವನ ಹೆಂಡತಿ ಫೋತಿನಿ ಸೌಟು ಕುಕ್ಕಿ ಸುಮ್ಮನಾಗುತ್ತಿದ್ದಳೋ ಏನೋ. ಅವನು ಆಡಿದ್ದು ಗಾಲರ್ ಊರಿನ ಹೆದ್ದಾರಿ ಹೋಟೆಲಿನಲ್ಲಿ, ಮಗ ಸೊಸೆ ಮೊಮ್ಮಗಳ ಎದುರಿಗೆ, ಬಡಿಸುವ ಹುಡುಗಿಗೂ ಕೇಳಿಸುವ ಹಾಗೆ.

ಅಡಿಲೇಡಿನಲ್ಲಿ ಸ್ಟಾಥಿಸನ ತಮ್ಮನ ಮೊಮ್ಮಗನಿಗೆ ಜ್ಞಾನಸ್ನಾನವಿತ್ತು. ಅದನ್ನು ಮುಗಿಸಿಕೊಂಡು ಮಾರನೆಯ ದಿನ ಐವರೂ ರೆನ್ಮಾರ್ಕಿಗೆ ವಾಪಸಾಗುತ್ತಿದ್ದರು. ಈ ದೇಶದಲ್ಲಿ ಜುಲೈ ಅಂದರೆ ಚಳಿಗಾಲ, ಮೇಲೆ ಗಾಳಿ. ಗಾಲರ್ ದಾಟುವಾಗ ಮಗ ಆರಿಸ್ ಕಾರು ನಿಲ್ಲಿಸಿದ. ಹೋಟೆಲಿನ ಬಾಗಿಲ ಬಳಿಯ ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ‘ಇವತ್ತು ಮೊಟ್ಟೆ-ನಿಂಬೆ ಸಾರು’ ಅಂತ ಗ್ರೀಕಿನಲ್ಲಿ ಬರೆದಿತ್ತು. ಸ್ಟಾಥಿಸ್ ಯಾರನ್ನೂ ಕೇಳದೆ ಐದು ಬಟ್ಟಲು ತರಿಸಿದ. ಮೂರು ಚಮಚ ಕುಡಿದ. ನಾಲ್ಕನೆಯದನ್ನು ಬಾಯಿಗೆ ಒಯ್ಯುವ ಮೊದಲು ಅವನ ಕಣ್ಣಲ್ಲಿ ನೀರು ತುಂಬಿತು.

“ಫೋತಿನಿ, ಈ ದೇಶಕ್ಕೆ ಬಂದಮೇಲೆ ಇಂಥ ಸಾರು ನಾನು ತಿಂದೇ ಇಲ್ಲ ನೋಡು,” ಅಂದ.

ಆರಿಸ್ ತನ್ನ ಬಟ್ಟಲೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದ. ಸೊಸೆ ರೋವೀನಾ ಮೇಜಿನ ಕೆಳಗೆ ಗಂಡನ ಕಾಲು ಒದ್ದಳು, ತಪ್ಪು ಅವನದೇ ಎಂಬ ಹಾಗೆ. ಹದಿನೇಳರ ಮೊಮ್ಮಗಳು ಕ್ಯಾಲಿ ಮಾತ್ರ “ಪಪ್ಪೂ!” ಅಂತ ತಾತನ ತೋಳು ಚಿವುಟಿದಳು. ಬಡಿಸುವ ಹುಡುಗಿ, “ಒಳಗೆ ಹೇಳ್ತೀನಿ ತಾತ, ಖುಷಿ ಪಡ್ತಾರೆ,” ಎಂದು ನಕ್ಕು ಹೋದಳು.

ಫೋತಿನಿ ತನ್ನ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದಳು. ಬಾಯಿ ಒರೆಸಿಕೊಂಡು, “ಹೂಂ, ಚೆನ್ನಾಗಿದೆ,” ಅಂದಳು. ಅಲ್ಲಿಂದ ರೆನ್ಮಾರ್ಕಿಗೆ ಎರಡೂವರೆ ಗಂಟೆಯ ದಾರಿ. ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖ ಹಾಕಿಕೊಂಡು ಕೂತಿದ್ದಳು.

ಇಪ್ಪತ್ತನೆಯ ವಯಸ್ಸಿಗೆ ಕೈಚೀಲದಲ್ಲಿ ಕಾಣದ ವರನ ಫೋಟೋ ಇಟ್ಟುಕೊಂಡು ಗ್ರೀಕ್ ನಾಡಿನಿಂದ ಹಡಗು ಹತ್ತಿ ಬಂದವಳು ಅವಳು. ಫೋಟೋದಲ್ಲಿದ್ದವನೇ ಬಂದರಿನಲ್ಲಿ ನಿಂತಿದ್ದ, ಅಷ್ಟು ಮಟ್ಟಿಗೆ ಪುಣ್ಯವಂತೆ. ಆ ಚಳಿಗಾಲದ ಮೊದಲ ಭಾನುವಾರ ಕೋಳಿ ಬೇಯಿಸಿ, ಅಕ್ಕಿ ಹಾಕಿ, ಮೊಟ್ಟೆಗೆ ನಿಂಬೆರಸ ಕಡೆದು ಸಾರು ಮಾಡಿದ್ದಳು. ಅಲ್ಲಿಂದ ಐವತ್ತೆರಡು ಚಳಿಗಾಲ, ಒಂದು ಭಾನುವಾರವೂ ತಪ್ಪಿಸಲಿಲ್ಲ. ಬಸುರಿಯಾಗಿದ್ದಾಗ ಅದರ ವಾಸನೆಗೇ ವಾಂತಿಯಾಗುತ್ತಿತ್ತು, ಆಗಲೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿದ್ದಳು. ಈಗ ಪೆಟ್ರೋಲ್ ಬಂಕಿನ ಪಕ್ಕದ ಹೋಟೆಲಿನ ಮೂರು ಚಮಚಕ್ಕೆ ಈ ಗಂಡಸಿನ ಕಣ್ಣು ತುಂಬುತ್ತದೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ?

ಸೋಮವಾರ ಮೀನು ಹುರಿದಳು. ಸ್ಟಾಥಿಸ್ ತಟ್ಟೆಯ ಅಂಚನ್ನೆಲ್ಲ ಹುಡುಕಿದ.

“ನಿಂಬೆಹಣ್ಣೆಲ್ಲಿ?”

“ಮರದಲ್ಲಿ.”

“ಕಿತ್ಕೊಂಡು ಬರ್ಲಾ?”

“ಬಾ. ಹಾಗೇ ಗಾಲರಿಗೆ ಕಳಿಸ್ಬಿಡು. ಹಾಕೋದು ಹೇಗೆ ಅಂತ ಗೊತ್ತಿರೋರು ಅಲ್ಲಿದಾರೆ.”

ಮುದುಕ ಮೀನನ್ನು ಹಾಗೆಯೇ ತಿಂದ. ಮಂಗಳವಾರ ಒಲೆಯಲ್ಲಿ ಸುಟ್ಟ ಆಲೂಗಡ್ಡೆ, ನಿಂಬೆ ಇಲ್ಲ. ಬುಧವಾರ ಬೇಯಿಸಿದ ಸೊಪ್ಪು, ನಿಂಬೆ ಇಲ್ಲ. ಗುರುವಾರ ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿಗಳನ್ನು ತಂದಿಟ್ಟಾಗ ಆರಿಸ್ ಒಂದನ್ನು ಕಚ್ಚಿ, ಹೆಂಡತಿಯ ಮುಖ ನೋಡಿ, ನೀರು ಕುಡಿದ. ಮನೆಯ ಸುತ್ತ ನಲವತ್ತು ಎಕರೆ ಕಿತ್ತಳೆ, ಹಿತ್ತಲಲ್ಲಿ ಕೊಂಬೆ ಬಾಗುವಷ್ಟು ನಿಂಬೆ, ಒಳಗೆ ತಟ್ಟೆಯ ಮೇಲೆ ಒಂದು ಹನಿ ಹುಳಿಯಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವುದು ಸರಿ. ಉಣ್ಣುವುದೇ ಜಗಳವಾದರೆ ಅದು ಮುಗಿಯುವುದು ಎಲ್ಲಿಗೆ?

ಎರಡನೆಯ ವಾರಕ್ಕೆ ಕ್ಯಾಲಿಯ ತಾಳ್ಮೆ ತಪ್ಪಿತು. ಅಜ್ಜಿಯ ಮುಂದೆ ಬಂದು ನಿಂತಳು.

“ಯಾಯಾ, ಶನಿವಾರ ಕಿತ್ತಳೆ ಕೇಕ್ ಮಾಡ್ತೀನಿ ಅಂದಿದ್ದೆ.”

“ಮಾಡಲ್ಲ.”

“ಪಪ್ಪೂ ಬೈಸ್ಕೊಂಡಿದ್ದು ನಿಂಬೆಗೆ. ಕಿತ್ತಳೆ ಪಾಪ ಏನ್ಮಾಡ್ತು?”

“ಅದೂ ನಿಂಬೆ ಕುಲದ್ದೇ. ಹೋಗು, ಸೇಬಿದೆ ತಿನ್ನು.”

“ಸೇಬು ಪಕ್ಕದ್ಮನೆಯೋರು ತಿಂತಾರೆ. ನಾವು ಗ್ರೀಕರು!” ಎಂದು ಹುಡುಗಿ ಕಾಲು ನೆಲಕ್ಕೆ ಬಡಿದಳು. ಫೋತಿನಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ಒಲೆಯ ಕಡೆ ತಿರುಗಿಕೊಂಡಳು.

ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬೆಳಗಾದರೆ ಕಪಾಟು ಖಾಲಿ ಮಾಡುವಳು, ಡಬ್ಬಗಳನ್ನು ತೊಳೆಯುವಳು, ಒರೆಸಿ ಬೇರೆ ಸಾಲಿನಲ್ಲಿ ಜೋಡಿಸುವಳು. ಸಕ್ಕರೆ ಎಲ್ಲಿದೆ, ಉಪ್ಪು ಎಲ್ಲಿದೆ ಎಂದು ಮನೆಮಂದಿಯೆಲ್ಲ ತಡಕಾಡಬೇಕಾಯಿತು. ಹಿತ್ತಲಿಗೆ ಹೋದರೆ ನಿಂಬೆಮರದ ಕೆಳಗೆ ಉದುರಿದ ಹಣ್ಣುಗಳನ್ನು ಆರಿಸಿ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಬರುವಳು. ಮಿಲ್ಡುರಾದಲ್ಲಿರುವ ತಂಗಿ ಎವ್ಡೋಕಿಯಾಗೆ ಫೋನು ಮಾಡಿದಳು.

“ನಿನ್ನ ಹಿಂದಿನ ಕೋಣೆ ಖಾಲಿ ಇದೆಯಾ?”

“ಇದೆ. ಯಾರಿಗೆ?”

“ನನಗೆ. ಹಣ್ಣು ಕೊಯ್ಲು ಮುಗೀಲಿ, ಬಂದ್ಬಿಡ್ತೀನಿ.”

“ಅಕ್ಕಾ, ಒಂದು ಸಾರಿಗೋಸ್ಕರ ಈ ವಯಸ್ಸಲ್ಲಿ ಗಂಡನ್ನ ಬಿಟ್ಟು ಬರ್ತೀಯಾ? ಜನ ನಗ್ತಾರೆ.”

“ಸಾರಿಗಲ್ವೇ. ಐವತ್ತೆರಡು ವರ್ಷ ನಾನು ಬಡಿಸಿದ್ದು ಇವನ ಗಂಟಲಿಂದ ಕೆಳಗೆ ಇಳಿದಿದೆಯೋ ಇಲ್ವೋ, ನನಗೆ ಅದು ಗೊತ್ತಾಗ್ಬೇಕು. ಇಳಿದಿಲ್ಲ ಅಂದ್ರೆ ನಾನ್ಯಾಕೆ ಇಲ್ಲಿ ಒಲೆ ಮುಂದೆ ನಿಂತಿರ್ಲಿ?”

ಅದೇ ವಾರ ರೋವೀನಾ ಸಂಧಾನಕ್ಕೆ ಇಳಿದಳು. ಅವಳು ಹತ್ತಿರದ ಬೆರ್ರಿ ಊರಿನ ಇಂಗ್ಲಿಷರ ಹುಡುಗಿ, ಗ್ರೀಕಳಲ್ಲ. ಇಪ್ಪತ್ತು ವರ್ಷ ಈ ಮನೆಯಲ್ಲಿದ್ದರೂ ಅತ್ತೆಯ ಒಲೆಗೆ ಕೈ ಹಾಕಿದವಳಲ್ಲ. ಭಾನುವಾರ ತಾನೇ ಸಾರು ಮಾಡುತ್ತೇನೆಂದು ಟೊಂಕ ಕಟ್ಟಿ ನಿಂತಳು. ಫೋತಿನಿ ಬಾಗಿಲಿಗೆ ಒರಗಿ ಕೈಕಟ್ಟಿಕೊಂಡು ನೋಡಿದಳು. ಹೇಳಿಕೊಡಲೂ ಇಲ್ಲ, ಅಲ್ಲಿಂದ ಕದಲಲೂ ಇಲ್ಲ.

ಕಡೆದ ಮೊಟ್ಟೆಯನ್ನು ಪಾತ್ರೆಗೆ ಸುರಿಯುವಾಗ ನಮ್ಮ ಗ್ರೀಕ್ ಹೆಂಗಸರು ತುಟಿಯಲ್ಲಿ ಮುತ್ತಿಕ್ಕುವ ಸದ್ದು ಮಾಡುತ್ತಾರೆ. ಹಾಗೆ ಮಾಡಿದರೆ ಮೊಟ್ಟೆ ಒಡೆಯುವುದಿಲ್ಲವಂತೆ. ರೋವೀನಾಗೆ ಅದು ಗೊತ್ತಿತ್ತು. ಬಿಸಿ ಸಾರನ್ನು ಮೊದಲು ಮೊಟ್ಟೆಗೆ ಒಂದೊಂದೇ ಸೌಟು ಬೆರೆಸಿ ಹದ ಮಾಡಬೇಕು ಎಂಬುದು ಗೊತ್ತಿರಲಿಲ್ಲ. ಕುದಿಯುವ ಪಾತ್ರೆಗೆ ಒಂದೇ ಸಲ ಸುರಿದು, ಮುಚ್ ಮುಚ್ ಎಂದು ಗಾಳಿಗೆ ಇಪ್ಪತ್ತು ಮುತ್ತಿಟ್ಟಳು. ಮೊಟ್ಟೆ ಒಡೆದು ಚೂರುಚೂರಾಗಿ ತೇಲಿತು.

“ಮುತ್ತು ಕಮ್ಮಿಯಾಯ್ತಾ ಅತ್ತೆ?”

“ಮುತ್ತು ಆರಿಸನಿಗೆ ಕೊಡು. ಮೊಟ್ಟೆಗೆ ತಾಳ್ಮೆ ಕೊಡ್ಬೇಕು.”

ಬಡಿಸಿದ್ದಾಯಿತು. ಸ್ಟಾಥಿಸ್ ತಲೆ ತಗ್ಗಿಸಿ ಪೂರ್ತಿ ತಿಂದು, “ಚೆನ್ನಾಗಿದೆ ಮಗಳೇ,” ಅಂದ. ಪಾಪದವನು, ಸೊಸೆಯ ಮನಸ್ಸು ನೋಯದಿರಲಿ ಎಂದು ಅಂದದ್ದು. ಫೋತಿನಿಯ ಮೈಯೆಲ್ಲ ಉರಿದು ಹೋಯಿತು.

“ಕೇಳಿದ್ರಾ? ಒಡೆದು ಮೊಸರಾಗಿರೋ ಸಾರಿಗೂ ‘ಚೆನ್ನಾಗಿದೆ’! ಆ ಒಂದು ಮಾತು ನನಗೆ ಯಾವತ್ತಾದ್ರೂ ಅಂದಿದ್ದಾನಾ ಕೇಳಿ!”

“ಐವತ್ತೆರಡು ವರ್ಷ ತಟ್ಟೆ ಖಾಲಿ ಮಾಡಿದ್ದೀನಲ್ಲೇ. ಇನ್ನೇನು ಹೇಳ್ಬೇಕಿತ್ತು? ಎದ್ದು ನಿಂತು ಭಾಷಣ ಮಾಡ್ಬೇಕಿತ್ತಾ?”

“ನಾಯಿನೂ ತಟ್ಟೆ ಖಾಲಿ ಮಾಡುತ್ತೆ. ಅದು ಬಾಲನಾದ್ರೂ ಆಡ್ಸುತ್ತೆ.”

“ಅಮ್ಮಾ, ಸಾಕು,” ಅಂದ ಆರಿಸ್.

“ನೀನು ಮಧ್ಯ ಬರ್ಬೇಡ. ನೀನೂ ನಿಮ್ಮಪ್ಪನ ಥರಾನೇ, ಮುಕ್ಕಿ ಎದ್ದು ಹೋಗೋನು.”

ಆರಿಸ್ ಎದ್ದು ಹೋದ. ಅವನ ಬೆನ್ನಿಗೇ ಸ್ಟಾಥಿಸ್ ಟೋಪಿ ಹುಡುಕಿದ. ಅದೂ ಇದ್ದ ಜಾಗದಲ್ಲಿರಲಿಲ್ಲ.

ಮೂರನೆಯ ವಾರ ತೋಟದ ನೀರಿನ ಪಂಪು ಕೆಟ್ಟಿತು. ಬಿಡಿಭಾಗ ತರಲು ಅಪ್ಪ ಮಗ ಇಬ್ಬರೂ ಅಡಿಲೇಡಿಗೆ ಹೋದರು. ಸಂಜೆ ವಾಪಸಾದ ಮೇಲೆ ಆರಿಸ್ ಕೈ ತೊಳೆಯುತ್ತಾ ಬಾಯಿ ಜಾರಿದ.

“ಇನ್ನೂ ಬೇಗ ಬರ್ತಿದ್ವಿ. ಗಾಲರಲ್ಲಿ ನಿಲ್ಸಿದ್ದಕ್ಕೆ ಹೊತ್ತಾಯ್ತು.”

ಫೋತಿನಿ ಟವೆಲು ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. “ಗಾಲರಲ್ಲಾ? ಆ ಹೋಟೆಲಲ್ಲಾ?”

“ಅಪ್ಪ ನಿಲ್ಸು ಅಂದ್ರು.”

“ಸಾರು ತಿಂದ್ನಾ?”

“ಅಮ್ಮಾ, ನನ್ನ ಕೇಳ್ಬೇಡ. ನಾನು ಕಾರಲ್ಲಿ ಕೂತು ಫೋನಲ್ಲಿ ಮಾತಾಡ್ತಿದ್ದೆ. ನಾನು ಡ್ರೈವರ್ ಅಷ್ಟೆ.”

ಅವಳು ಟವೆಲನ್ನು ಮಡಿಸಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೆಯವರೆಲ್ಲ ಹೆದರಿದ್ದು ಆಗಲೇ. ಮರುದಿನ ಬೆಳಗ್ಗೆ ಎಂಟಕ್ಕೆ ಚರ್ಚಿಗೆ ಹಾಕುವ ಕರಿ ಕೋಟು ತೊಟ್ಟು, ಕೈಚೀಲ ಹಿಡಿದು, ರೋವೀನಾ ಎದುರಿಗೆ ಬಂದು ನಿಂತಳು.

“ಕಾರ್ ತೆಗಿ. ಗಾಲರಿಗೆ ಹೋಗ್ಬೇಕು.”

“ಇವತ್ತು ನಂಗೆ ಕೆಲಸ ಇದೆ ಅತ್ತೆ.”

“ಹೊಟ್ಟೆನೋವು ಅಂತ ಹೇಳು. ಸುಳ್ಳಲ್ಲ, ನನಗಿದೆ.”

ದಾರಿಯುದ್ದಕ್ಕೂ ಫೋತಿನಿಯ ಕೈ ಚೀಲದ ಕೊಂಡಿಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿತ್ತು. ಯಾವಳೋ ವಿಧವೆ ಅಲ್ಲಿ ಅಡುಗೆ ಮಾಡುತ್ತಾಳೆ, ಇವನನ್ನು ನೋಡಿ ನಗುತ್ತಾಳೆ ಎಂಬಲ್ಲಿಯವರೆಗೆ ಅವಳ ತಲೆ ಓಡಿತ್ತು. ಹೋಟೆಲು ಹೊಕ್ಕವಳೇ ಅಡುಗೆಮನೆಯ ಕಿಂಡಿಯಲ್ಲಿ ಇಣುಕಿದಳು. ಒಳಗಿದ್ದದ್ದು ದಪ್ಪ ಹೊಟ್ಟೆಯ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಗಂಡಸು. ಅವಳಿಗೆ ಸಮಾಧಾನವೂ ಆಯಿತು, ಯಾಕೋ ಅವಮಾನವೂ ಆಯಿತು.

ಅದೇ ಮೇಜಿನಲ್ಲಿ ಕೂತು ಎರಡು ಬಟ್ಟಲು ತರಿಸಿದರು. ಅವತ್ತು ಸಿಟ್ಟಿಗೆ ನಾಲಿಗೆ ಸತ್ತುಹೋಗಿತ್ತು. ಈಗ ಮೊದಲ ಚಮಚಕ್ಕೇ ಅವಳು ಹುಬ್ಬೇರಿಸಿದಳು.

“ಮೆಕ್ಕೆಜೋಳದ ಹಿಟ್ಟು ಕಲಸಿದಾರೆ! ರೋವೀನಾ, ನೋಡು ನಾಲಿಗೆ ಮೇಲೆ ಅಂಟು. ಒಂದು ಮೊಟ್ಟೆ ಹಾಕೋ ಕಡೆ ಅರ್ಧ ಹಾಕಿ ಹಿಟ್ಟು ಕಲಸಿದಾರೆ. ನಿಂಬೆನೂ ನಿನ್ನೆ ಹಿಂಡಿಟ್ಟಿದ್ದು. ಇದಕ್ಕೆ ಅತ್ತನಾ ಆ ಮುದುಕ?”

ಬಡಿಸುವ ಹುಡುಗಿ ಬ್ರೆಡ್ ತಂದಿಡುತ್ತಾ ಗುರುತು ಹಿಡಿದಳು. “ನೀವು ಆ ತಾತನ ಜೊತೆ ಬಂದಿದ್ರಲ್ವಾ? ನಿನ್ನೆ ಅವರು ಬಂದಿದ್ರು. ಇದೇ ಮೇಜು ಬೇಕು ಅಂತ ಕಾದು ಕೂತ್ರು.”

“ತಿಂದ್ನಾ?”

“ಎರಡೇ ಚಮಚ. ಅಡುಗೆಯೋರು ಬದಲಾದ್ರಾ ಅಂತ ಕೇಳಿದ್ರು. ಇಲ್ಲ ತಾತ, ಅದೇ ಅಡುಗೆಯೋರು, ಅದೇ ಸಾರು ಅಂದೆ. ‘ಅಲ್ಲ, ಅವತ್ತಿನದಲ್ಲ ಇದು’ ಅಂತ ಬಟ್ಟಲು ತಳ್ಳಿ ಎದ್ಹೋದ್ರು. ಪಾಪ, ಹುಷಾರಿಲ್ವಾ ಅವರಿಗೆ?”

ಫೋತಿನಿ ಚಮಚ ಹಿಡಿದು ಹಾಗೆಯೇ ಕೂತಳು. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

“ಆರುತ್ತೆ, ತಿನ್ನಿ ಅತ್ತೆ,” ಅಂದಳು ರೋವೀನಾ. ಸ್ವಲ್ಪ ತಡೆದು, “ಒಂದು ಮಾತು ಹೇಳ್ತೀನಿ, ಬೈಬೇಡಿ. ಇಪ್ಪತ್ತು ವರ್ಷದಲ್ಲಿ ನೀವು ಬಿಸಿ ಸಾರು ತಿನ್ನೋದನ್ನ ನಾನು ನೋಡಿದ್ದು ಎರಡೇ ಸಲ. ಎರಡು ಸಲಾನೂ ಇಲ್ಲೇ,” ಅಂದಳು.

“ಮನೇಲಿ ತಿನ್ನಲ್ವಾ ನಾನು?”

“ತಿಂತೀರಾ. ನಾವೆಲ್ಲ ಎದ್ದ ಮೇಲೆ, ಸಿಂಕಿನ ಹತ್ರ ನಿಂತ್ಕೊಂಡು, ಪಾತ್ರೆ ತಳದ್ದು.”

ಫೋತಿನಿ ಬೈಯಲಿಲ್ಲ. ವಾಪಸು ಬರುತ್ತಾ ಮರ್ರೇ ನದಿಯ ಸೇತುವೆ ದಾಟಿದ ಮೇಲೆ, “ಅವತ್ತು ಅವನು ಎದುರಿಗೆ ಕೂತಿದ್ದ,” ಅಂದಳು, ಯಾರಿಗೆ ಹೇಳಿದಳೋ. ರೋವೀನಾ ಜಾಣೆ, ಕೇಳಿಸದ ಹಾಗೆ ಕಾರು ಓಡಿಸಿದಳು.

ಮಧ್ಯಾಹ್ನ ಸ್ಟಾಥಿಸ್ ಹಣ್ಣಿನ ಶೆಡ್ಡಿನಲ್ಲಿ ಕಿತ್ತಳೆ ವಿಂಗಡಿಸುತ್ತಿದ್ದ. ಕರಿ ಕೋಟಿನಲ್ಲೇ ಹೋಗಿ ಎದುರಿಗೆ ನಿಂತಳು.

“ಗಾಲರಿಗೆ ಹೋಗಿದ್ದೆ. ಆ ಸಾರಲ್ಲಿ ಮೆಕ್ಕೆಜೋಳದ ಹಿಟ್ಟಿದೆ.”

“ಹೌದಾ?” ಅವನು ಕಣ್ಣು ಮಿಟುಕಿಸಿದ. “ಅದಕ್ಕೇ ನಿನ್ನೆ ಹಾಗಿತ್ತು.”

“ಅವತ್ತೂ ಇತ್ತು. ಅದೇ ಅಡುಗೆಯೋನು, ಅದೇ ಹಿಟ್ಟು. ಅವತ್ತು ಕಣ್ಣೀರು, ನಿನ್ನೆ ಎರಡೇ ಚಮಚ. ಯಾಕೆ?”

ಮುದುಕ ಕೈಯಲ್ಲಿದ್ದ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ. “ಗೊತ್ತಿಲ್ಲ ಕಣೇ. ನಾನೂ ಅದನ್ನೇ ಯೋಚಿಸ್ತಿದ್ದೀನಿ. ಅದೇ ಮೇಜಲ್ಲಿ ಕೂತೆ, ಎದುರಿಗೆ ಖಾಲಿ ಕುರ್ಚಿ. ಬಾಯಿಗೆ ಇಟ್ರೆ ಬರೀ ಹುಳಿ ನೀರು. ಅವತ್ತು ನೀನು ಚಮಚ ಊದಿ ಊದಿ ತಿಂತಿದ್ದೆ. ಮೂಗಿನ ತುದಿ ಕೆಂಪಾಗಿತ್ತು. ನಾನು ಸಾರಿನ ವಿಷಯಾನೇ ಹೇಳ್ತಿದ್ದೀನಿ ಅಂದ್ಕೊಂಡಿದ್ದೆ.”

ಫೋತಿನಿ ಅವನ ಕೈಯಲ್ಲಿದ್ದ ಹಣ್ಣನ್ನು ಕಿತ್ತುಕೊಂಡು ಬುಟ್ಟಿಗೆ ಎಸೆದಳು.

“ಹಾಗಾದ್ರೆ ಐವತ್ತೆರಡು ವರ್ಷದಲ್ಲಿ ಒಂದು ಸಲ ‘ಬಾ, ಕೂತ್ಕೋ’ ಅನ್ನೋಕೆ ನಿನ್ನ ನಾಲಿಗೆಗೆ ಏನಾಗಿತ್ತು?”

“ಅಂದಿದ್ದೆ.”

“ಯಾವಾಗ?”

“ಆರಿಸ್ ಹುಟ್ಟಿದ ವರ್ಷ. ‘ಕೂತ್ಕೊಳೇ, ತಣ್ಣಗಾಗುತ್ತೆ’ ಅಂದೆ. ನೀನು ‘ಬ್ರೆಡ್ ತರ್ತೀನಿ’ ಅಂತ ಆ ಕಡೆ ಹೋದೆ.”

“ಆಮೇಲೆ?”

“ಆಮೇಲೆ ನಾನು ಕೇಳ್ಲಿಲ್ಲ. ನೀನು ಕೂರ್ಲಿಲ್ಲ. ಅಭ್ಯಾಸ ಆಗ್ಹೋಯ್ತು.”

ಅವಳಿಗೆ ಆ ದಿನ ನೆನಪಿರಲಿಲ್ಲ. ನೆನಪಿಲ್ಲದಿದ್ದರೂ ಅದು ನಿಜ ಎಂದು ಗೊತ್ತಾಯಿತು. ಬ್ರೆಡ್ ತರಲು ಓಡುವವಳು ತಾನೇ. ಆದರೆ ಒಮ್ಮೆ ಕೇಳಿ ಅರ್ಧ ಶತಮಾನ ಸುಮ್ಮನೆ ಉಂಡವನು ಇವನೇ ತಾನೇ? ಮನೆಗೆ ಹೋಗಿ ತಂಗಿಗೆ ಫೋನು ಮಾಡಿದಳು. “ಆ ಕೋಣೆ ಯಾರಿಗೂ ಕೊಡ್ಬೇಡ, ಭಾನುವಾರದ ತನಕ ಹಾಗೇ ಇರ್ಲಿ,” ಅಂದಳು.

ಭಾನುವಾರ ಬೆಳಗ್ಗೆಯೇ ಕೋಳಿ ಬೇಯುವ ವಾಸನೆ ಬಂತು. ಕ್ಯಾಲಿ ಹಾಸಿಗೆಯಿಂದ ಹಾರಿ ಬಂದಳು. ಯಾರೂ ಏನೂ ಕೇಳಲಿಲ್ಲ, ಕೇಳಿದರೆ ಎಲ್ಲಿ ಕೆಡುತ್ತದೋ ಎಂದು. ಫೋತಿನಿ ಹಿತ್ತಲಿಗೆ ಹೋಗಿ ಆರು ನಿಂಬೆ ಕಿತ್ತು ತಂದಳು, ಮೊಟ್ಟೆ ಕಡೆದಳು, ಸೌಟು ಸೌಟಾಗಿ ಹದ ಮಾಡಿದಳು. ಸಾರು ರೇಷ್ಮೆಯ ಹಾಗೆ ಬಂತು. ಐದು ಬಟ್ಟಲಿಗೆ ಬಡಿಸಿ, ಐದನ್ನೂ ಮೇಜಿಗೆ ತಂದಿಟ್ಟು, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು.

ಆಗ ಕಣ್ಣಿಗೆ ಬಿತ್ತು. ಅಡುಗೆಮನೆಯ ಮೇಜಿಗೆ ಇದ್ದದ್ದು ನಾಲ್ಕೇ ಕುರ್ಚಿ. ನಾಲ್ವರೂ ನಾಲ್ಕರಲ್ಲಿ ಕೂತಿದ್ದರು, ಚಮಚ ಕೈಗೆತ್ತಿಕೊಂಡಿದ್ದರು. ಐದನೆಯ ಬಟ್ಟಲು ಮೇಜಿನ ಮೂಲೆಯಲ್ಲಿ ಹಬೆಯಾಡುತ್ತಿತ್ತು. ಈ ಮನೆ ಕಟ್ಟಿದವರು, ಈ ಮೇಜು ಕೊಂಡವರು, ಹದಿನೇಳು ವರ್ಷದ ಹಿಂದೆ ಕ್ಯಾಲಿಗೆಂದು ನಾಲ್ಕನೆಯ ಕುರ್ಚಿ ತಂದವರು, ಯಾರಿಗೂ ಇದು ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು.

ರೋವೀನಾ ಏಳಲು ಹೋದಳು. ಫೋತಿನಿ ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು. ಗಂಡನ ಕುರ್ಚಿಯ ಪಕ್ಕ ಹೋಗಿ ನಿಂತಳು.

“ಏಳು.”

ಸ್ಟಾಥಿಸ್ ಎದ್ದ. ಅವಳು ಕೂತಳು. ಅವನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ತನ್ನದನ್ನು ಎಳೆದುಕೊಂಡು, ಊದಿ ಊದಿ ತಿನ್ನತೊಡಗಿದಳು. ಮುದುಕ ಒಂದು ಗಳಿಗೆ ನಿಂತು ನೋಡಿ, ಕುರ್ಚಿ ಹುಡುಕಲು ಹೊರಟ. ಮುಂದಿನ ಕೋಣೆಯದು ಬಾಗಿಲಲ್ಲಿ ಹಿಡಿಸಲಿಲ್ಲ. ಜಗಲಿಯದು ಕಾಲು ಮುರಿದಿತ್ತು. ಕೊನೆಗೆ ಶೆಡ್ಡಿಗೆ ಹೋಗಿ, ಧೂಳು ಮೆತ್ತಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತು ಏದುಸಿರು ಬಿಡುತ್ತಾ ಬಂದು, ಅವಳ ಎದುರಿಗೆ ಹಾಕಿಕೊಂಡು ಕೂತ. ಅಷ್ಟರಲ್ಲಿ ಅವನ ಸಾರಿನ ಮೇಲೆ ಕೆನೆ ಕಟ್ಟಿತ್ತು.

“ತಣ್ಣಗಾಗಿದೆ,” ಅಂದ.

“ಮತ್ತೆ ಬಿಸಿಗಿಟ್ರೆ ಮೊಟ್ಟೆ ಒಡೆಯುತ್ತೆ. ಐವತ್ತೆರಡು ವರ್ಷ ನಾನು ತಿಂದಿದ್ದು ಹೀಗೇನೇ. ತಿನ್ನು.”

ಅವನು ತಿಂದ. ನಡುವೆ ನಿಲ್ಲಿಸಲಿಲ್ಲ, ಮುಖ ಕಿವಿಚಲಿಲ್ಲ, ತಳದ ಅನ್ನದ ಅಗುಳನ್ನೂ ಬಿಡಲಿಲ್ಲ. ಉಳಿದ ಮೂವರೂ ತಮ್ಮ ತಮ್ಮ ಬಟ್ಟಲು ನೋಡುತ್ತಾ ಕೂತಿದ್ದರು. ಖಾಲಿ ಬಟ್ಟಲನ್ನು ಮುಂದಕ್ಕೆ ತಳ್ಳಿ ಸ್ಟಾಥಿಸ್ ಹೆಂಡತಿಯ ಮುಖ ನೋಡಿದ. ಅವಳ ಮೂಗಿನ ತುದಿ ಕೆಂಪಾಗಿತ್ತು.

“ಬರೋ ಭಾನುವಾರ ಮಾಡ್ತೀಯಾ?” ಎಂದು ಮೆಲ್ಲಗೆ ಕೇಳಿದ.

“ಮಾಡ್ತೀನಿ,” ಅಂದಳು ಫೋತಿನಿ. “ಕುರ್ಚಿ ಮೊದಲೇ ತಂದಿಡು.”